ಹೊಟ್ಟೆ ತುಂಬಿದ ಕಾಲದಲ್ಲಿ ದೇವರ ಕಡೆಗೆ ತಿರುಗುವುದು

ಬೈಬಲ್ಲಿನ ಧರ್ಮೋಪದೇಶಕಾಂಡದ ಎಂಟನೆಯ ಅಧ್ಯಾಯದಲ್ಲಿ ನಲವತ್ತು ವರ್ಷ ಮರುಭೂಮಿಯಲ್ಲಿ ಅಲೆದ ಜನ ಹೊಸ ನಾಡಿನ ಹೊಸ್ತಿಲಲ್ಲಿ ನಿಂತಿದ್ದಾರೆ. ಅವರಿಗೆ ಸಿಗುವ ಎಚ್ಚರಿಕೆ ಬರಗಾಲದ ಕುರಿತದ್ದಲ್ಲ, ಶತ್ರುವಿನ ಕುರಿತದ್ದೂ ಅಲ್ಲ. ಉಂಡು ತೃಪ್ತರಾದ ಮೇಲೆ, ಒಳ್ಳೆಯ ಮನೆಗಳನ್ನು ಕಟ್ಟಿಕೊಂಡ ಮೇಲೆ, ದನಕುರಿಗಳೂ ಬೆಳ್ಳಿಬಂಗಾರವೂ ಹೆಚ್ಚಿದ ಮೇಲೆ ಏನಾಗುತ್ತದೆ ಎಂಬುದೇ ಅಲ್ಲಿನ ಆತಂಕ. ಆಗ ಮನುಷ್ಯ ಇದೆಲ್ಲ ತನ್ನ ಕೈಬಲದಿಂದ ಬಂದದ್ದೆಂದು ಒಳಗೊಳಗೇ ನಂಬತೊಡಗುತ್ತಾನೆ. ಅಧ್ಯಾಯದ ಕ್ರಮವನ್ನು ಗಮನಿಸಬೇಕು. ಮೊದಲು ಬರುವುದು ಮರೆವು, ಅದರ ಹಿಂದೆ ಗರ್ವ. ಅನ್ಯದೇವತೆಗಳ ಮಾತು ಬರುವುದು ಕೊನೆಯಲ್ಲಿ. ಕಷ್ಟದಲ್ಲಿ ದೇವರನ್ನು ಕರೆಯುವುದು ಎಲ್ಲ ಧರ್ಮಗಳಿಗೂ ಗೊತ್ತು. ಸುಖವಾಗಿರುವಾಗಲೇ ದೇವರ ಕಡೆಗೆ ತಿರುಗಲು ಸಾಧ್ಯವೇ ಎಂಬ ಹೆಚ್ಚು ಕಠಿಣವಾದ ಪ್ರಶ್ನೆಯನ್ನು ಈ ಪರಂಪರೆ ಎರಡೂವರೆ ಸಾವಿರ ವರ್ಷಗಳಿಂದ ಬಿಡದೆ ಕೇಳಿಕೊಂಡು ಬಂದಿದೆ.

ಆ ಪ್ರಶ್ನೆ ಮೊದಲು ಮೊನಚಾದದ್ದು ಕ್ರಿ.ಪೂ. 8ನೇ ಶತಮಾನದ ಉತ್ತರ ಇಸ್ರಾಯೇಲಿನಲ್ಲಿ. ಎರಡನೇ ಯಾರೊಬ್ಬಾಮ ಅಲ್ಲಿ ಸುಮಾರು ನಲವತ್ತು ವರ್ಷ ಆಳಿದ. ಉತ್ತರದ ದಮಸ್ಕ ಅಶ್ಶೂರ್ಯರ ಹೊಡೆತಕ್ಕೆ ಸಿಕ್ಕಿ ಬಲಗುಂದಿತ್ತು. ಆ ಬಳಿಕ ಅಶ್ಶೂರ್ಯವೇ ಒಳಗಿನ ಗೊಂದಲದಲ್ಲಿ ಮುಳುಗಿತು. ಎರಡು ದೊಡ್ಡ ಭಯಗಳು ಒಟ್ಟಿಗೆ ಸರಿದಾಗ ಯಾರೊಬ್ಬಾಮನ ರಾಜ್ಯದ ಗಡಿ ಹಮಾತಿನ ದಾರಿಯಿಂದ ಮೃತಸಮುದ್ರದವರೆಗೆ ಚಾಚಿತು. ವ್ಯಾಪಾರದ ಹಾದಿಗಳು ಕೈಗೆ ಬಂದವು. ಇಷ್ಟು ಯಶಸ್ವಿಯಾದ ದೊರೆಗೆ ಅರಸುಗಳ ಎರಡನೆಯ ಗ್ರಂಥ ಕೊಟ್ಟಿರುವುದು ಏಳೇ ವಚನ. ಗಡಿಯ ವಿಸ್ತಾರದಿಂದ ಆಳ್ವಿಕೆಯನ್ನು ಅಳೆಯಲು ಅದನ್ನು ಬರೆದವರು ಒಪ್ಪಲಿಲ್ಲ.

ಆ ಐಶ್ವರ್ಯದ ಕುರುಹುಗಳು ಮಣ್ಣಿನಡಿ ಉಳಿದಿದ್ದವು. ರಾಜಧಾನಿ ಸಮಾರ್ಯದ ಅಗೆತಗಳಲ್ಲಿ, ಮುಖ್ಯವಾಗಿ 1930ರ ದಶಕದಲ್ಲಿ, ಪೀಠೋಪಕರಣಗಳಿಗೆ ಕೂಡಿಸುವ ನಯವಾದ ದಂತದ ಕೆತ್ತನೆಯ ತುಣುಕುಗಳು ರಾಶಿಯಾಗಿ ಸಿಕ್ಕಿವೆ. ಪ್ರವಾದಿ ಆಮೋಸ ಕಿಡಿಕಾರಿದ ದಂತದ ಮಂಚಗಳು ಬರಿಯ ಅಲಂಕಾರದ ಮಾತಾಗಿರಲಿಲ್ಲ. 1910ರಲ್ಲಿ ಅಲ್ಲೇ ಸಿಕ್ಕ ಮಡಕೆಚೂರುಗಳ ಮೇಲೆ ಮಸಿಯಲ್ಲಿ ಬರೆದ ಲೆಕ್ಕಗಳಿವೆ: ಹಳ್ಳಿಗಳಿಂದ ರಾಜಧಾನಿಗೆ ಬಂದ ಹಳೆಯ ದ್ರಾಕ್ಷಾರಸ, ಶುದ್ಧ ಎಣ್ಣೆ, ಕಳಿಸಿದವರ ಮತ್ತು ಪಡೆದವರ ಹೆಸರು. ಆ ಹೆಸರುಗಳಲ್ಲಿ ಕೆಲವು ಯೆಹೋವನ ಹೆಸರನ್ನು ಹೊತ್ತಿವೆ, ಕೆಲವು ಬಾಳನೆಂಬ ಅನ್ಯದೇವತೆಯ ಹೆಸರನ್ನು. ಒಂದೇ ಲೆಕ್ಕದಲ್ಲಿ ಎರಡೂ ನಿಷ್ಠೆಗಳು ಜಗಳವಿಲ್ಲದೆ ಕೂತಿದ್ದವು.

ಆಮೋಸ ದಕ್ಷಿಣದ ಯೆಹೂದ ರಾಜ್ಯದ ತೆಕೋವದವನು, ಕುರಿ ಸಾಕುತ್ತಿದ್ದವನು, ಅತ್ತಿಮರಗಳನ್ನು ನೋಡಿಕೊಳ್ಳುತ್ತಿದ್ದವನು. ಗಡಿ ದಾಟಿ ಬೇತೇಲಿನ ರಾಜಾಶ್ರಿತ ದೇವಸ್ಥಾನಕ್ಕೆ ಬಂದು ಮಾತಾಡಿದ. ಅವನು ಕಂಡದ್ದು ಭಣಗುಡುವ ಗುಡಿಗಳನ್ನಲ್ಲ. ಹಬ್ಬಗಳು ತಪ್ಪುತ್ತಿರಲಿಲ್ಲ, ಬಲಿಗಳು ಧಾರಾಳವಾಗಿದ್ದವು, ದಶಮಾಂಶ ಸಲ್ಲುತ್ತಿತ್ತು, ಹಾಡು ಮತ್ತು ತಂತಿವಾದ್ಯಗಳಿಗೆ ಕೊರತೆ ಇರಲಿಲ್ಲ. ಸಮೃದ್ಧಿ ದೇವಸ್ಥಾನವನ್ನು ತುಂಬಿಸಿತ್ತು. ಅವನ ದೂರು ಇದ್ದದ್ದು ಆ ಭಕ್ತರ ಉಳಿದ ದಿನಗಳ ಮೇಲೆ. ಅಮಾವಾಸ್ಯೆ ಮತ್ತು ಸಬ್ಬತ್ತು ಯಾವಾಗ ಮುಗಿಯುತ್ತವೆಂದು ವ್ಯಾಪಾರಿ ತಹತಹಿಸುತ್ತಿದ್ದ. ಮುಗಿದ ಕೂಡಲೇ ಅಳತೆಯನ್ನು ಕಿರಿದುಮಾಡಿ, ತೂಕದ ಕಲ್ಲನ್ನು ಹಿರಿದುಮಾಡಿ, ಜಳ್ಳುಗೋದಿಯನ್ನು ಮಾರುತ್ತಿದ್ದ. ಒಂದು ಜೊತೆ ಕೆರದ ಬೆಲೆಗೆ ಬಡವನೊಬ್ಬ ಮಾರಾಟವಾಗುತ್ತಿದ್ದ. ಬಡವನಿಂದ ಒತ್ತೆಯಾಗಿ ಕಿತ್ತುಕೊಂಡ ಹೊದಿಕೆಯನ್ನು ಹಾಸಿಕೊಂಡು ಸಾಲ ಕೊಟ್ಟವನು ಬಲಿಪೀಠದ ಪಕ್ಕದಲ್ಲೇ ಒರಗುತ್ತಿದ್ದ. ಈ ಕೊನೆಯ ಚಿತ್ರದಲ್ಲಿ ಆಮೋಸನ ಇಡೀ ವಾದ ಅಡಗಿದೆ. ಆರಾಧನೆಯೂ ಅನ್ಯಾಯವೂ ಬೇರೆ ಬೇರೆ ಜಾಗದಲ್ಲಿ ನಡೆಯುತ್ತಿರಲಿಲ್ಲ, ಒಂದರ ಮೇಲೆ ಇನ್ನೊಂದು ಕೂತಿತ್ತು. ಬೇತೇಲಿನ ಯಾಜಕ ಅಮಚ್ಯನು ಆಮೋಸನನ್ನು ರಾಜದ್ರೋಹಿಯೆಂದು ದೊರೆಗೆ ದೂರಿ, ಊರು ಬಿಡಲು ಹೇಳಿದ. ಅವನು ಕೊಟ್ಟ ಕಾರಣ, ಇದು ಅರಸನ ಪವಿತ್ರಸ್ಥಳ ಎಂಬುದು. ದೇವಸ್ಥಾನದ ಒಡೆಯ ಯಾರೆಂಬುದನ್ನು ಯಾಜಕನ ಬಾಯೇ ಹೇಳಿಬಿಟ್ಟಿತ್ತು.

ಅದೇ ಕಾಲದ ಪ್ರವಾದಿ ಹೋಶೇಯ ಉತ್ತರದವನೇ. ಅವನ ನೋಟ ಇನ್ನೂ ಒಳಕ್ಕೆ ಹೋಗುತ್ತದೆ. ಧಾನ್ಯ, ದ್ರಾಕ್ಷಾರಸ, ಎಣ್ಣೆ ಯಾರು ಕೊಟ್ಟದ್ದೆಂದು ಜನಕ್ಕೆ ತಿಳಿಯಲಿಲ್ಲ. ಕೊಟ್ಟವನ ಬೆಳ್ಳಿಬಂಗಾರವನ್ನೇ ಬಾಳನಿಗೆ ಸುರಿದರು ಎಂಬುದು ಅವನ ನೋವು. ಬಾಳ್ ಮಳೆ ಮತ್ತು ಫಲವತ್ತತೆಯ ದೇವತೆ. ಬಾಳನ ಪೂಜೆ ಎಂದರೆ ಇಳುವರಿಯ ಪೂಜೆ. ಫಸಲು ಹೆಚ್ಚಿದಂತೆ ಬಲಿಪೀಠಗಳೂ ಹೆಚ್ಚಿದವು ಎಂದು ಹೋಶೇಯ ಲೆಕ್ಕ ಹಿಡಿಯುತ್ತಾನೆ. ಕಳ್ಳತಕ್ಕಡಿ ಹಿಡಿದ ವರ್ತಕ ತಾನು ಶ್ರೀಮಂತನಾದೆನೆಂದೂ ತನ್ನ ಗಳಿಕೆಯಲ್ಲಿ ಪಾಪವೇ ಕಾಣಿಸದೆಂದೂ ಸಮಾಧಾನಪಡುವುದನ್ನು ಅವನು ಕೇಳಿಸಿಕೊಂಡಿದ್ದಾನೆ.

ಹೋಶೇಯನ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಹಿಂದಿರುಗಲು ಕರೆ ಇದೆ, ಹಿಂದಿರುಗುವವರು ಆಡಬೇಕಾದ ಮಾತುಗಳನ್ನೂ ಪ್ರವಾದಿಯೇ ಹೇಳಿಕೊಡುತ್ತಾನೆ. ಅಲ್ಲಿ ಮೂರು ತ್ಯಾಗಗಳಿವೆ. ಅಶ್ಶೂರ್ಯ ತಮ್ಮನ್ನು ಕಾಪಾಡುವುದೆಂಬ ಭರವಸೆಯನ್ನು ಬಿಡಬೇಕು. ಕುದುರೆಗಳ ಮೇಲಿನ ಭರವಸೆಯನ್ನು ಬಿಡಬೇಕು. ತಮ್ಮ ಕೈ ಮಾಡಿದ್ದನ್ನು ದೇವರೆಂದು ಕರೆಯುವುದನ್ನು ಬಿಡಬೇಕು. ಮಹಾಶಕ್ತಿಯೊಡನೆ ಒಪ್ಪಂದ, ಸೈನ್ಯ, ಸ್ವಂತ ಉತ್ಪನ್ನ: ವಿಗ್ರಹಗಳ ಪಟ್ಟಿಯಲ್ಲಿ ಮೊದಲ ಎರಡಕ್ಕೆ ಆಕಾರವೇ ಇಲ್ಲ. ಮೂರನ್ನೂ ಬಿಟ್ಟವರಿಗೆ ಕಾರಣವನ್ನೂ ಅಲ್ಲೇ ಕೊಡಲಾಗಿದೆ. ತಬ್ಬಲಿಗೆ ಕರುಣೆ ಸಿಗುವುದು ದೇವರಲ್ಲಿ. ಆಧುನಿಕ ವಿಗ್ರಹಾರಾಧನೆಯ ಬಗ್ಗೆ ಮುಂದೆ ಬಂದ ಬಹುಪಾಲು ಚಿಂತನೆ ಈ ಮೂರು ಸಾಲುಗಳ ವಿಸ್ತರಣೆಯೇ.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಭಾರತದ ಓದುಗನಿಗೆ ವಿಗ್ರಹವೆಂದರೆ ಆವಾಹನೆ ಮಾಡಿ ಪೂಜಿಸಿ ವಿಸರ್ಜಿಸುವ ಮೂರ್ತಿ; ಮಣ್ಣೇ ದೇವರೆಂದು ಪೂಜಿಸುವವನೂ ತಿಳಿಯುವುದಿಲ್ಲ. ಪ್ರವಾದಿಗಳ ಮಾತನ್ನು ನೆರೆಮನೆಯ ದೇವರ ಕೋಣೆಯ ಮೇಲೆ ಎಸೆಯುವವರು ಅದನ್ನು ತಪ್ಪಾಗಿ ಓದುತ್ತಾರೆ. ಆಮೋಸ, ಹೋಶೇಯ, ಯೆರೆಮೀಯರ ಕಟಕಟೆಯಲ್ಲಿ ಮೊದಲು ನಿಂತವರು ಅವರದೇ ಜನ, ಅವರದೇ ಯಾಜಕರು, ಅವರದೇ ಅರಸರು. ಆಪಾದನೆಯ ತಿರುಳು, ಯಾರಿಗೆ ಸಲ್ಲಬೇಕಾದ ಭರವಸೆ ಯಾರ ಪಾಲಾಯಿತು ಎಂಬುದು.

ಯಾರೊಬ್ಬಾಮ ಸತ್ತ ಮೇಲೆ ಕುಸಿತಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ಅವನ ಮಗ ಆರು ತಿಂಗಳು ಆಳಿ ಕೊಲೆಯಾದ, ಕೊಂದವನು ಒಂದು ತಿಂಗಳು ಆಳಿ ಕೊಲೆಯಾದ. ಮೆನಹೇಮನೆಂಬ ಅರಸ ಅಶ್ಶೂರ್ಯಕ್ಕೆ ಸಾವಿರ ತಲಾಂತು ಬೆಳ್ಳಿ ಕಪ್ಪ ಕೊಡಲು ಪ್ರತಿಯೊಬ್ಬ ಐಶ್ವರ್ಯವಂತನಿಂದ ಐವತ್ತು ಶೆಕೆಲ್ ವಸೂಲಿ ಮಾಡಿದ. ಕ್ರಿ.ಪೂ. 722ರ ಸುಮಾರಿಗೆ ಸಮಾರ್ಯ ಬಿತ್ತು. 27,290 ಜನರನ್ನು ಸೆರೆಯೊಯ್ದೆನೆಂದು ಅಶ್ಶೂರ್ಯದ ಅರಸ ಸರ್ಗೋನ ತನ್ನ ಶಾಸನದಲ್ಲಿ ಹೇಳಿಕೊಂಡಿದ್ದಾನೆ.

ದಕ್ಷಿಣದ ಯೆಹೂದ ಇನ್ನೂ ನೂರಮೂವತ್ತು ವರ್ಷಗಳಿಗಿಂತ ಹೆಚ್ಚು ಬಾಳಿತು. ಅಲ್ಲಿ ಹಿಂದಿರುಗುವ ದೊಡ್ಡ ಪ್ರಯತ್ನ ನಡೆದದ್ದು ಕ್ರಿ.ಪೂ. 622ರಲ್ಲಿ. ದೇವಾಲಯದ ದುರಸ್ತಿಯ ವೇಳೆ ಧರ್ಮಶಾಸ್ತ್ರದ ಗ್ರಂಥವೊಂದು ಸಿಕ್ಕಿತು, ಯೋಷೀಯ ಅರಸ ಅದನ್ನು ಕೇಳಿ ಬಟ್ಟೆ ಹರಿದುಕೊಂಡ, ನಾಡಿನಾದ್ಯಂತ ಪೂಜಾಸ್ಥಳಗಳನ್ನು ಕೆಡವಿಸಿದ. ಯೆರೆಮೀಯನಿಗೆ ಆ ಸುಧಾರಣೆ ಸಾಕೆನಿಸಲಿಲ್ಲ. ಯೆಹೂದ ಪೂರ್ಣ ಹೃದಯದಿಂದ ತಿರುಗಲಿಲ್ಲ, ತಿರುಗಿದಂತೆ ನಟಿಸಿತು ಎಂಬುದು ಅವನ ತೀರ್ಪು. ಯೋಷೀಯನ ಬಗ್ಗೆ ಮಾತ್ರ ಅವನಿಗೆ ಗೌರವವಿತ್ತು. ಯೋಷೀಯನ ಮಗ ಯೆಹೋಯಾಕೀಮ ಕೂಲಿ ಕೊಡದೆ ದುಡಿಸಿ ದೇವದಾರಿನ ಅರಮನೆ ಕಟ್ಟಿಸುತ್ತಿದ್ದಾಗ, ಅವನ ತಂದೆಯೂ ಉಂಡ, ಕುಡಿದ, ಆದರೆ ಬಡವರ ನ್ಯಾಯ ತೀರಿಸಿದ, ದೇವರನ್ನು ಅರಿಯುವುದೆಂದರೆ ಅದೇ ಎಂದು ಯೆರೆಮೀಯ ಎತ್ತಿ ಹೇಳಿದ. ಉಣ್ಣುವುದನ್ನು ಅವನು ಖಂಡಿಸಲಿಲ್ಲ ಎಂಬುದು ಮುಖ್ಯ.

ಯೆರೆಮೀಯನ ಮೂವತ್ತನಾಲ್ಕನೆಯ ಅಧ್ಯಾಯದ ಘಟನೆ ಈ ಚರ್ಚೆಯಲ್ಲಿ ಸಾಕಷ್ಟು ಬಳಕೆಯಾಗಿಲ್ಲ. ಬಾಬಿಲೋನಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಅರಸ ಚಿದ್ಕೀಯ ಮತ್ತು ಶ್ರೀಮಂತರು ದೇವರ ಮುಂದೆ ಒಡಂಬಡಿಕೆ ಮಾಡಿ ತಮ್ಮ ಇಬ್ರಿಯ ದಾಸದಾಸಿಯರನ್ನೆಲ್ಲ ಬಿಡುಗಡೆ ಮಾಡುತ್ತಾರೆ. ಏಳನೆಯ ವರ್ಷಕ್ಕೆ ದಾಸರನ್ನು ಬಿಡಬೇಕೆಂಬ ಕಟ್ಟಳೆ ಮೊದಲಿನಿಂದಲೂ ಇತ್ತು. ಅದು ನೆನಪಾದದ್ದು ಗೋಡೆಯಾಚೆ ಶತ್ರು ಬಂದಾಗ. ಸ್ವಲ್ಪ ಕಾಲ ಮುತ್ತಿಗೆ ತೆರವಾಯಿತು. ಬಿಡುಗಡೆಯಾದವರನ್ನು ಅದೇ ಶ್ರೀಮಂತರು ಮತ್ತೆ ಹಿಡಿದು ದಾಸ್ಯಕ್ಕೆ ತಳ್ಳಿದರು. ಸಂಕಟದ ಪಶ್ಚಾತ್ತಾಪದ ಆಯುಸ್ಸು ಸಂಕಟದಷ್ಟೇ ಎಂಬುದಕ್ಕೆ ಬೈಬಲ್ಲಿನಲ್ಲಿ ಇದಕ್ಕಿಂತ ನೇರವಾದ ದಾಖಲೆ ಇಲ್ಲ. ಸ್ವಲ್ಪ ಕಾಲದಲ್ಲೇ ಬಾಬಿಲೋನಿನವರು ಮರಳಿ ಬಂದು ನಗರವನ್ನು ಸುಟ್ಟರು.

ಬಾಬಿಲೋನಿನ ಸೆರೆಯಿಂದ ಮರಳಿದವರ ನಡುವೆ, ಕ್ರಿ.ಪೂ. 5ನೇ ಶತಮಾನದ ಮಧ್ಯದಲ್ಲಿ, ಇನ್ನೊಂದು ಬಗೆಯ ಹಿಂದಿರುಗುವಿಕೆ ಕಾಣುತ್ತದೆ. ಹೊಲ, ದ್ರಾಕ್ಷಿತೋಟ, ಮನೆಗಳನ್ನು ಅಡವಿಟ್ಟ ಜನ, ಮಕ್ಕಳನ್ನು ಜೀತಕ್ಕಿಟ್ಟ ಜನ ಅಧಿಪತಿ ನೆಹೆಮೀಯನ ಮುಂದೆ ಅತ್ತರು. ಅವನು ಶ್ರೀಮಂತರನ್ನು ಸಭೆಗೆ ಕರೆಸಿ, ಬಡ್ಡಿ ಬಿಡಿಸಿ, ಹೊಲಗಳನ್ನು ಹಿಂದಕ್ಕೆ ಕೊಡಿಸಿ, ಯಾಜಕರ ಮುಂದೆ ಪ್ರಮಾಣ ಮಾಡಿಸಿದ. ತಾನೂ ತನ್ನವರೂ ಸಾಲ ಕೊಟ್ಟಿದ್ದನ್ನು ಮುಚ್ಚಿಡಲಿಲ್ಲ, ಅಧಿಪತಿಗೆ ಸಲ್ಲಬೇಕಾದ ಭತ್ಯವನ್ನೂ ಮುಟ್ಟಲಿಲ್ಲ. ಧರ್ಮಶಾಸ್ತ್ರದ ಹಳೆಯ ಕಟ್ಟಳೆಗಳು ಬಯಸಿದ್ದೂ ಇಂಥದ್ದನ್ನೇ, ಆದರೆ ಬಿಕ್ಕಟ್ಟಿಗೆ ಕಾಯದೆ. ವಾರಕ್ಕೊಮ್ಮೆ ಆಳುಮಕ್ಕಳಿಗೂ ಎತ್ತಿಗೂ ಬಿಡುವು, ಮೊದಲ ಬೆಳೆಯ ಅರ್ಪಣೆ, ಮೂರು ವರ್ಷಕ್ಕೊಮ್ಮೆ ಪರದೇಶಿ, ತಬ್ಬಲಿ ಮತ್ತು ವಿಧವೆಗೆ ದಶಮಾಂಶ, ಏಳು ವರ್ಷಕ್ಕೊಮ್ಮೆ ಸಾಲಮನ್ನಾ. ಮರೆವು ಮನುಷ್ಯಸಹಜವೆಂದು ಒಪ್ಪಿಕೊಂಡ ಕಾನೂನು ಇದು. ಕೈಬಿಗಿ ಸಡಿಲಿಸುವುದನ್ನು ಅದು ಭಾವಾವೇಶಕ್ಕೆ ಬಿಡದೆ ಪಂಚಾಂಗಕ್ಕೆ ಕಟ್ಟಿತು.

ಯೇಸುವಿನ ಬೋಧನೆಯಲ್ಲಿ ಧನ ನೇರವಾಗಿ ದೇವರ ಎದುರಾಳಿಯಾಗಿ ನಿಲ್ಲುತ್ತದೆ. ಇಬ್ಬರಿಗೂ ಒಟ್ಟಿಗೆ ಸೇವೆ ಮಾಡಲಾಗದು. ಕೊಲೊಸ್ಸೆಯವರಿಗೆ ಬರೆದ ಪತ್ರ ಲೋಭವನ್ನೇ ವಿಗ್ರಹಾರಾಧನೆ ಎನ್ನುತ್ತದೆ. ಸುವಾರ್ತೆಗಳಲ್ಲಿ ಐಶ್ವರ್ಯದ ನಡುವೆಯೇ ತಿರುಗಿಕೊಂಡವನೊಬ್ಬ ಸಿಗುತ್ತಾನೆ. ಯೆರಿಕೋವಿನ ಸುಂಕದ ಮುಖ್ಯಸ್ಥ ಜಕ್ಕಾಯ ಆಸ್ತಿಯ ಅರ್ಧವನ್ನು ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟನ್ನು ಕಳೆದುಕೊಂಡವರಿಗೆ ಕೊಡುವೆನೆಂದ. ಅವನಿಗೆ ಬರವೂ ಬಂದಿರಲಿಲ್ಲ, ರೋಗವೂ ಬಂದಿರಲಿಲ್ಲ. ಇನ್ನೊಂದು ತುದಿಯಲ್ಲಿ ಲವೊದಿಕೀಯದ ಸಭೆಯಿದೆ. ಕ್ರಿ.ಶ. 60ರ ಭೂಕಂಪದಲ್ಲಿ ಉರುಳಿದ ಆ ನಗರ ರೋಮಿನ ನೆರವಿಲ್ಲದೆ ಸ್ವಂತ ಹಣದಿಂದ ಎದ್ದು ನಿಂತಿತೆಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ತಮಗೆ ಏನೂ ಕೊರತೆಯಿಲ್ಲವೆಂದು ಭಾವಿಸಿ ಬೆಚ್ಚಗೂ ತಣ್ಣಗೂ ಅಲ್ಲದ ಸ್ಥಿತಿಗೆ ಬಂದವರೆಂದು ಪ್ರಕಟನೆಯ ಗ್ರಂಥ ಗದರಿಸುವುದು ಆ ಊರಿನ ವಿಶ್ವಾಸಿಗಳನ್ನು.

ಯೆಹೂದಿ ಮತ್ತು ಇಸ್ಲಾಂ ಪರಂಪರೆಗಳೂ ಇದನ್ನು ಬೆಳೆಸಿದವು. 12ನೇ ಶತಮಾನದ ಮೈಮೋನಿಡಿಸ್ ಪೂರ್ಣ ಪಶ್ಚಾತ್ತಾಪಕ್ಕೊಂದು ಪರೀಕ್ಷೆ ಹೇಳಿದ: ಅದೇ ತಪ್ಪಿಗೆ ಅದೇ ಅವಕಾಶ ಮತ್ತೆ ಒದಗಬೇಕು, ಮಾಡುವ ಶಕ್ತಿಯೂ ಉಳಿದಿರಬೇಕು, ಆದರೂ ಮಾಡಬಾರದು. ಮುದುಕನಾಗಿ ಕೈಲಾಗದೆ ಬಿಟ್ಟದ್ದಕ್ಕೆ ಅವನು ಬೆಲೆ ಇಲ್ಲವೆನ್ನಲಿಲ್ಲ, ಮೇಲ್ಮಟ್ಟದ್ದೆಂದೂ ಒಪ್ಪಲಿಲ್ಲ. ಚಿದ್ಕೀಯನ ಶ್ರೀಮಂತರು ಸೋತದ್ದು ಈ ಪರೀಕ್ಷೆಯಲ್ಲಿ. ತನ್ನ ಬಯಕೆಯನ್ನೇ ದೇವರಾಗಿಸಿಕೊಂಡವನ ಬಗ್ಗೆ ಕುರಾನ್ ಎಚ್ಚರಿಸುತ್ತದೆ. ಸಂಪತ್ತಿನ ಒಂದು ಪಾಲನ್ನು ಝಕಾತ್ ಆಗಿ ಕೊಡುವುದನ್ನು ಕಡ್ಡಾಯ ಮಾಡುತ್ತದೆ. ಬಗ್ದಾದಿನ ಪ್ರತಿಷ್ಠಿತ ಗುರುಪೀಠವನ್ನು 1095ರಲ್ಲಿ ಬಿಟ್ಟು ಹೊರಟ ಅಲ್ ಗಜಾಲಿ ಕೀರ್ತಿಯನ್ನೂ ವಿಗ್ರಹಗಳ ಸಾಲಿಗೆ ಸೇರಿಸಬೇಕೆಂಬುದನ್ನು ಬದುಕಿನಿಂದಲೇ ತೋರಿಸಿದ.

ಯುರೋಪಿನಲ್ಲಿ ವಾಣಿಜ್ಯ ಚಿಗುರಿದ ಕಾಲಕ್ಕೇ ಲಿಯೋನ್ ನಗರದ ವರ್ತಕ ವಾಲ್ಡೊ, ಬಟ್ಟೆ ವ್ಯಾಪಾರಿಯ ಮಗ ಅಸ್ಸಿಸಿಯ ಫ್ರಾನ್ಸಿಸ್ ಎಲ್ಲವನ್ನೂ ಬಿಟ್ಟು ನಡೆದರು. ಎಲ್ಲರೂ ಹಾಗೆ ಬಿಡಲಾಗದು ಎಂಬಲ್ಲಿಂದ ಮಾರ್ಟಿನ್ ಲೂಥರ್ ಶುರುಮಾಡಿದ. 1529ರ ತನ್ನ ದೊಡ್ಡ ಪ್ರಶ್ನೋತ್ತರ ಗ್ರಂಥದಲ್ಲಿ ಹೃದಯ ಯಾವುದನ್ನು ಆತುಕೊಳ್ಳುತ್ತದೋ ಅದೇ ಅದರ ದೇವರೆಂದು ವಿವರಿಸಿ, ಲೋಕದಲ್ಲಿ ಅತಿ ಸಾಮಾನ್ಯ ವಿಗ್ರಹ ಹಣವೇ ಎಂದ. ಮನುಷ್ಯನ ಮನಸ್ಸು ವಿಗ್ರಹಗಳನ್ನು ನಿರಂತರವಾಗಿ ಉತ್ಪಾದಿಸುತ್ತಲೇ ಇರುತ್ತದೆ ಎಂಬುದು ಧರ್ಮಸುಧಾರಕ ಕ್ಯಾಲ್ವಿನ್‌ನ ಅಭಿಪ್ರಾಯ.

ಈ ಇತಿಹಾಸದಲ್ಲಿ ಅತ್ಯಂತ ಪ್ರಾಮಾಣಿಕವಾದ ಆತಂಕ ಜಾನ್ ವೆಸ್ಲಿಯದು. ಮೆಥಡಿಸ್ಟ್ ಚಳವಳಿಯನ್ನು ಅವನು ಇಂಗ್ಲೆಂಡಿನ ಗಣಿಕಾರ್ಮಿಕರು, ನೇಕಾರರು, ಕೂಲಿಗಳ ನಡುವೆ ಕಟ್ಟಿದ. ಕುಡಿತ ಬಿಟ್ಟು, ಶ್ರಮಪಟ್ಟು, ಮಿತವಾಗಿ ಬದುಕಿದ ಈ ಜನ ಕೆಲವು ದಶಕಗಳಲ್ಲಿ ಅನುಕೂಲಸ್ಥರಾದರು. 1786ರಲ್ಲಿ ವೆಸ್ಲಿ ಒಂದು ಸುಳಿಯನ್ನು ಗುರುತಿಸಿದ: ನಿಜವಾದ ಧರ್ಮ ಶ್ರಮವನ್ನೂ ಮಿತವ್ಯಯವನ್ನೂ ಹುಟ್ಟಿಸದೆ ಇರದು, ಅವು ಐಶ್ವರ್ಯವನ್ನು ತರದೆ ಇರವು, ಐಶ್ವರ್ಯ ಬೆಳೆದಂತೆ ಗರ್ವವೂ ಲೋಕದ ಮೋಹವೂ ಬೆಳೆಯುತ್ತವೆ. ಹಾಗಾದರೆ ಧರ್ಮ ತನ್ನ ಫಲದಿಂದಲೇ ಸಾಯಬೇಕೇ? ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಪ್ರಾಟೆಸ್ಟಂಟ್ ಶ್ರದ್ಧೆ ಮತ್ತು ಬಂಡವಾಳಶಾಹಿಯ ನಂಟನ್ನು ಕುರಿತ ತನ್ನ ಗ್ರಂಥದಲ್ಲಿ ಈ ಭಾಗವನ್ನೇ ಎತ್ತಿಕೊಂಡ. ವೆಸ್ಲಿ ಕಂಡ ಪರಿಹಾರ ಒಂದೇ. ಆದಷ್ಟು ಗಳಿಸುವವರು, ಆದಷ್ಟು ಉಳಿಸುವವರು, ಆದಷ್ಟು ಕೊಡಲೂ ಬೇಕು. ಬದುಕಿನ ಕೊನೆಯ ವರ್ಷಗಳ ಉಪದೇಶಗಳಲ್ಲಿ ಅವನ ಕೊರಗು ಒಂದೇ ಸಮನೆ ಕೇಳಿಸುತ್ತದೆ: ತನ್ನವರು ಮೊದಲ ಎರಡನ್ನು ಪಾಲಿಸುತ್ತಾರೆ, ಮೂರನೆಯದನ್ನು ಪಾಲಿಸುವವರು ವಿರಳ.

ಅಮೆರಿಕದಲ್ಲಿ ಈ ಪ್ರಶ್ನೆ ರಾಷ್ಟ್ರದ ಪ್ರಶ್ನೆಯಾಯಿತು. ನ್ಯೂ ಇಂಗ್ಲೆಂಡಿನ ಪ್ಯೂರಿಟನ್ ಬೋಧಕರು 17ನೇ ಶತಮಾನದ ಉತ್ತರಾರ್ಧದಲ್ಲೇ ಪೂರ್ವಜರ ನಿಷ್ಠೆಯನ್ನು ಹೊಲಗದ್ದೆ ವ್ಯಾಪಾರ ನುಂಗಿತೆಂದು ಉಪವಾಸದ ದಿನಗಳನ್ನು ಸಾರುತ್ತಿದ್ದರು. 1857ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಫುಲ್ಟನ್ ಬೀದಿಯಲ್ಲಿ ಜೆರೆಮಯ ಲ್ಯಾನ್‌ಫಿಯರ್ ವ್ಯಾಪಾರಸ್ಥರಿಗಾಗಿ ಮಧ್ಯಾಹ್ನದ ಪ್ರಾರ್ಥನೆ ಶುರುಮಾಡಿದಾಗ ಬಂದವರು ಬೆರಳೆಣಿಕೆಯಷ್ಟು. ಅಕ್ಟೋಬರಿನಲ್ಲಿ ಬ್ಯಾಂಕುಗಳು ಕುಸಿದವು. 1858ರ ವಸಂತಕ್ಕೆ ಸಾವಿರಾರು ಜನ ಸೇರುತ್ತಿದ್ದರು. ಆದರೆ ವಿವಾದದ ವಿಷಯಗಳನ್ನು ಎತ್ತಬಾರದೆಂಬ ನಿಯಮ ಆ ಸಭೆಗಳಲ್ಲಿತ್ತು, ಆ ದಿನಗಳ ಬಹುದೊಡ್ಡ ವಿವಾದ ಗುಲಾಮಗಿರಿ. ಆಮೋಸನ ಕಣ್ಣಿನಿಂದ ನೋಡಿದರೆ ಆ ಜಾಗೃತಿಯ ದೊಡ್ಡ ಕೊರತೆ ಇದೇ. ಅಂತರ್ಯುದ್ಧದ ನಡುವೆ, 1863ರ ಮಾರ್ಚ್ 30ರಂದು, ಅಧ್ಯಕ್ಷ ಲಿಂಕನ್ ರಾಷ್ಟ್ರೀಯ ಉಪವಾಸದ ದಿನವನ್ನು ಘೋಷಿಸಿ, ಸಂಖ್ಯೆ, ಸಂಪತ್ತು, ಬಲಗಳಲ್ಲಿ ಬೆಳೆದ ದೇಶ ದೇವರನ್ನು ಮರೆತಿದೆಯೆಂದು ಒಪ್ಪಿಕೊಂಡ. ಧರ್ಮೋಪದೇಶಕಾಂಡದ ಧಾಟಿ ಅಲ್ಲಿ ಸ್ಪಷ್ಟ. ಎರಡು ವರ್ಷಗಳ ಬಳಿಕ ಎರಡನೆಯ ಪದಗ್ರಹಣ ಭಾಷಣದಲ್ಲಿ ಅವನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೂಲಿಯಿಲ್ಲದೆ ದುಡಿದ ಗುಲಾಮರ ಎರಡೂವರೆ ಶತಮಾನಗಳ ಬೆವರಿನಿಂದ ಆ ಸಂಪತ್ತು ರಾಶಿಯಾಯಿತೆಂದು ಹೇಳಿದ.

ಎರಡನೆಯ ಮಹಾಯುದ್ಧದ ನಂತರದ ಅಮೆರಿಕ ಯಾರೊಬ್ಬಾಮನ ಕಾಲವನ್ನು ನೆನಪಿಸುತ್ತದೆ. ಆದಾಯ ಏರಿತು, ಚರ್ಚುಗಳು ತುಂಬಿದವು. 1956ರಲ್ಲಿ ದೇವರಲ್ಲಿ ಭರವಸೆಯಿಡುವ ಮಾತು ರಾಷ್ಟ್ರದ ಧ್ಯೇಯವಾಕ್ಯವಾಗಿ, ಮರುವರ್ಷ ನೋಟುಗಳ ಮೇಲೂ ಅಚ್ಚಾಯಿತು. 1955ರಲ್ಲೇ ವಿಲ್ ಹರ್ಬರ್ಗ್ ಎಂಬ ಯೆಹೂದಿ ಚಿಂತಕ, ಪ್ರಾಟೆಸ್ಟಂಟ್, ಕ್ಯಾಥೊಲಿಕ್, ಯೆಹೂದಿ ಎಂಬ ಮೂರು ಹೆಸರುಗಳಡಿ ಜನ ನಿಜವಾಗಿ ನಂಬುತ್ತಿರುವುದು ಅಮೆರಿಕನ್ ಜೀವನಕ್ರಮವನ್ನೇ ಎಂದು ವಾದಿಸಿದ್ದ. ಎರಡು ವರ್ಷಗಳ ನಂತರ ದೇವಶಾಸ್ತ್ರಜ್ಞ ಪಾಲ್ ಟಿಲಿಕ್ ಶ್ರದ್ಧೆಯನ್ನು ಪರಮ ಕಾಳಜಿಯೆಂದು ನಿರೂಪಿಸಿ, ರಾಷ್ಟ್ರ ಮತ್ತು ಯಶಸ್ಸು ಆ ಪರಮಸ್ಥಾನ ಹಿಡಿಯುವುದೇ ವಿಗ್ರಹಾರಾಧನೆ ಎಂದ. ಅವನು ಹಿಟ್ಲರನ ಜರ್ಮನಿಯನ್ನು ಬಿಟ್ಟು ಬಂದವನು. 1934ರಲ್ಲಿ ಬಾರ್ಮೆನ್ ಘೋಷಣೆಯ ಮೂಲಕ ಜರ್ಮನಿಯ ಕೆಲವು ಚರ್ಚುಗಳು ರಾಜ್ಯದ ಸರ್ವಾಧಿಕಾರವನ್ನು ನಿರಾಕರಿಸಿದ್ದವು. ಹೋಶೇಯ ಹೇಳಿದ ಕುದುರೆಗಳ ಮೇಲಿನ ಭರವಸೆ ಆ ಶತಮಾನದಲ್ಲಿ ಧನಮೋಹಕ್ಕಿಂತ ಹೆಚ್ಚು ರಕ್ತ ಹರಿಸಿತು. ಪೋಪ್ ಫ್ರಾನ್ಸಿಸ್ 2013ರ ತಮ್ಮ ಮೊದಲ ಪ್ರಬೋಧನೆಯಲ್ಲಿ, ಬೈಬಲ್ಲಿನ ಬಂಗಾರದ ಕರುವಿನ ಕಥೆಯನ್ನು ನೆನಪಿಸಿ, ಹಣದ ಹೊಸ ವಿಗ್ರಹಾರಾಧನೆಯನ್ನು ಖಂಡಿಸಿದರು. ಇದಕ್ಕೆ ತೀರ ವಿರುದ್ಧವಾಗಿ, ಐಶ್ವರ್ಯವೇ ದೈವಕೃಪೆಯ ಗುರುತೆಂದೂ ಕಾಣಿಕೆ ಕೊಟ್ಟರೆ ಹಲವು ಪಟ್ಟು ಮರಳಿ ಬರುವುದೆಂದೂ ಸಾರುವ ಬೋಧನೆ ಅಮೆರಿಕದಿಂದ ಆಫ್ರಿಕ, ಏಷ್ಯಗಳಿಗೆ ಹಬ್ಬಿದೆ. ಬಾಳನನ್ನು ಯೆಹೋವನ ಹೆಸರಿನಲ್ಲಿ ಪೂಜಿಸುವುದೆಂದರೆ ಇದೇ.

ಸಮೃದ್ಧಿ ಧರ್ಮವನ್ನು ಕರಗಿಸುತ್ತದೆಯೇ ಎಂಬುದನ್ನು ಸಮಾಜಶಾಸ್ತ್ರವೂ ಅಳೆಯಲು ನೋಡಿದೆ. ಬದುಕಿನ ಭದ್ರತೆ ಹೆಚ್ಚಿದ ಸಮಾಜಗಳಲ್ಲಿ ಧಾರ್ಮಿಕ ಆಚರಣೆ ಇಳಿಯುತ್ತದೆಂದು ಪಿಪ್ಪಾ ನಾರಿಸ್ ಮತ್ತು ರೊನಾಲ್ಡ್ ಇಂಗಲ್‌ಹಾರ್ಟ್ 2004ರಲ್ಲಿ ವಾದಿಸಿದರು. ಗ್ಯಾಲಪ್ ಸಮೀಕ್ಷೆಯ ಪ್ರಕಾರ ಅಮೆರಿಕದಲ್ಲಿ ಆರಾಧನಾಸ್ಥಳಗಳ ಸದಸ್ಯರಾಗಿರುವವರ ಪ್ರಮಾಣ 1999ರಲ್ಲಿ ಶೇ. 70 ಇದ್ದದ್ದು 2020ರಲ್ಲಿ ಶೇ. 47ಕ್ಕೆ ಇಳಿದಿದೆ. ಆದರೆ ದಕ್ಷಿಣ ಕೊರಿಯದಲ್ಲಿ ಚರ್ಚುಗಳು ಭರದಿಂದ ಬೆಳೆದದ್ದು ಕೈಗಾರಿಕೀಕರಣದ ದಶಕಗಳಲ್ಲೇ. ಈ ಅಂಕಿಗಳು ಉಪಯುಕ್ತ, ಆದರೂ ಅವು ಎಣಿಸುವುದು ಹಾಜರಿಯನ್ನು. ಬೇತೇಲಿನ ಹಾಜರಿ ಚೆನ್ನಾಗಿಯೇ ಇತ್ತು.

ತಕ್ಕಡಿ, ಸಾಲ, ಕೂಲಿಗಳ ಕಡೆಗೆ ತಿರುಗಿದ ಪ್ರಯತ್ನಗಳು ಇತ್ತೀಚೆಗೂ ನಡೆದಿವೆ. ಯಾಜಕಕಾಂಡದ ಐವತ್ತನೆಯ ವರ್ಷದ ಬಿಡುಗಡೆಯನ್ನು ಮಾದರಿಯಾಗಿಟ್ಟುಕೊಂಡ ಜೂಬಿಲಿ 2000 ಆಂದೋಲನದವರು 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಿರಿವಂತ ರಾಷ್ಟ್ರಗಳ ನಾಯಕರು ಸೇರಿದ್ದಾಗ ಮಾನವ ಸರಪಳಿ ರಚಿಸಿ ಬಡದೇಶಗಳ ಸಾಲಮನ್ನಾ ಕೇಳಿದರು. ಮರುವರ್ಷ ಕಲೋನಿನ ಶೃಂಗಸಭೆಯಲ್ಲಿ ಸಾಲ ಪರಿಹಾರದ ಯೋಜನೆ ವಿಸ್ತಾರವಾಯಿತು. ಇಂಗ್ಲೆಂಡಿನ ಚರ್ಚು ತನ್ನದೇ ನಿಧಿಯ ಲೆಕ್ಕವನ್ನು ತೆರೆಯಿತು. ಬಡ ಪಾದ್ರಿಗಳ ನೆರವಿಗೆಂದು 1704ರಲ್ಲಿ ಸ್ಥಾಪನೆಯಾದ ನಿಧಿಯೊಂದು ಗುಲಾಮರ ವ್ಯಾಪಾರ ನಡೆಸುತ್ತಿದ್ದ ಸೌತ್ ಸೀ ಕಂಪನಿಯಲ್ಲಿ ಹಣ ಹೂಡಿತ್ತೆಂದು ಕಂಡುಬಂದಾಗ, ಅದರ ಉತ್ತರಾಧಿಕಾರಿಗಳಾದ ಚರ್ಚ್ ಕಮಿಷನರುಗಳು 2023ರ ಜನವರಿಯಲ್ಲಿ ಆ ಚರಿತ್ರೆಗೆ ಪ್ರತಿಯಾಗಿ 10 ಕೋಟಿ ಪೌಂಡುಗಳನ್ನು ತೆಗೆದಿಡುವುದಾಗಿ ಪ್ರಕಟಿಸಿದರು. ಚರ್ಚೇ ನೇಮಿಸಿದ ಸ್ವತಂತ್ರ ಸಮಿತಿ ಮರುವರ್ಷ ಆ ಮೊತ್ತ ಸಾಲದು, ಗುರಿ 100 ಕೋಟಿ ಪೌಂಡು ಆಗಬೇಕೆಂದಿತು. ಪ್ಯಾರಿಷ್‌ಗಳಿಗೆಂದು ಇರುವ ಹಣವನ್ನು ಇದಕ್ಕೆ ಬಳಸಬಾರದೆಂಬ ವಿರೋಧವೂ ಚರ್ಚಿನ ಒಳಗಿಂದಲೇ ಬಂದಿದೆ.